ಕ್ರಿಪ್ಟೋ ಕ್ಯಾಸಿನೊದಲ್ಲಿ ದುಡ್ಡು ಕಾಣಿಸುತ್ತಿಲ್ಲವೇ? ಎಲ್ಲಿ ನಿಂತಿದೆ ಎಂದು ಹುಡುಕುವ ಬಗೆ

ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯದಲ್ಲಿ ಜೂಜಾಡುವ ಸೈಟೇ ಕ್ರಿಪ್ಟೋ ಕ್ಯಾಸಿನೊ. ಅಲ್ಲಿಗೆ ಕಳಿಸಿದ ದುಡ್ಡು ಖಾತೆಯಲ್ಲಿ ಕಾಣದಿದ್ದರೆ ಎದೆ ಧಸಕ್ಕೆನ್ನುತ್ತದೆ. ಆ ಗಾಬರಿಯಲ್ಲಿ ಹೆಚ್ಚಿನವರು ಲೈವ್ ಚಾಟ್ ತೆರೆದು "ನನ್ನ ದುಡ್ಡು ಎಲ್ಲಿ?" ಎಂದು ಜಗಳ ಶುರು ಮಾಡುತ್ತಾರೆ. ಆ ಕಡೆ ಕೂತವರು "ಸ್ವಲ್ಪ ಕಾಯಿರಿ" ಎನ್ನುತ್ತಾರೆ. ಎರಡು ದಿನ ಹೀಗೇ ಕಳೆದುಹೋಗುತ್ತದೆ.

ನಾನು ಕೆಲಕಾಲ ಆ ಕಡೆ ಕೂತು ಇಂಥ ದೂರುಗಳನ್ನು ನೋಡಿದ್ದೇನೆ. ಈಗ ಆಟಗಾರರಿಗೆ ದೂರು ಬರೆಯಲು ಸಹಾಯ ಮಾಡುತ್ತೇನೆ. ಎರಡೂ ಕಡೆಯಿಂದ ನೋಡಿದ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ದುಡ್ಡು ಸುಮ್ನೆ ಮಾಯವಾಗುವುದಿಲ್ಲ, ಎಲ್ಲೋ ಒಂದು ಕಡೆ ನಿಂತಿರುತ್ತದೆ. ಕಳ್ಳರ ಕೈ ಸೇರದಿದ್ದರೆ ಅದು ನಿಲ್ಲಬಹುದಾದ ಜಾಗ ನಾಲ್ಕೇ: ನಿಮ್ಮ ವಾಲೆಟ್ (ನಾಣ್ಯ ಇಡುವ ಆ್ಯಪ್) ಅಥವಾ ಎಕ್ಸ್‌ಚೇಂಜ್ (ನಾಣ್ಯ ಕೊಂಡು ಮಾರುವ ಸೈಟ್), ಬ್ಲಾಕ್‌ಚೈನ್ (ಎಲ್ಲ ವ್ಯವಹಾರ ಬರೆದಿಡುವ ಸಾರ್ವಜನಿಕ ಲೆಕ್ಕದ ಪುಸ್ತಕ), ಕ್ಯಾಸಿನೊ ಕೊಟ್ಟ ಅಡ್ರೆಸ್ (ದುಡ್ಡು ಕಳಿಸಬೇಕಾದ ಅಕ್ಷರ-ಅಂಕಿಗಳ ಸಾಲು), ಕ್ಯಾಸಿನೊದ ಒಳಗಿನ ಲೆಕ್ಕ. ಯಾವ ಜಾಗ ಎಂದು ಗೊತ್ತಾದರೆ ಯಾರನ್ನು ಕೇಳಬೇಕು ಎಂಬುದೂ ಗೊತ್ತಾಗುತ್ತದೆ. ಅದು ಗೊತ್ತಿಲ್ಲದೆ ಕೇಳಿದರೆ ಎಲ್ಲರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಹುಡುಕುವ ಮೊದಲು

ಅದೇ ಮೊತ್ತವನ್ನು ಮತ್ತೊಮ್ಮೆ ಕಳಿಸಬೇಡಿ. ಮೊದಲನೆಯದು ಎಲ್ಲಿದೆ ಎಂದು ತಿಳಿಯದೆ ಎರಡನೆಯದನ್ನೂ ಅದೇ ದಾರಿಯಲ್ಲಿ ಬಿಟ್ಟರೆ ಎರಡೂ ಸಿಕ್ಕಿಹಾಕಿಕೊಳ್ಳಬಹುದು.

ವಾಲೆಟ್‌ನ 12 ಅಥವಾ 24 ಪದಗಳ ಗುಪ್ತ ಸಾಲನ್ನು ಯಾರಿಗೂ ಹೇಳಬೇಡಿ. ಯಾವ ದೂರನ್ನು ಬಗೆಹರಿಸುವುದಕ್ಕೂ ಆ ಪದಗಳು ಬೇಕಾಗುವುದಿಲ್ಲ. ಕೇಳಿದವರು ಕಳ್ಳರು, ಅದರಲ್ಲಿ ಅನುಮಾನವೇ ಬೇಡ. ನಿಮ್ಮ ಫೋನಿನ ಪರದೆ ನೋಡುವ ಆ್ಯಪ್ ಹಾಕಿಕೊಳ್ಳಿ ಎಂದರೂ ಅಲ್ಲಿಗೇ ಮಾತು ನಿಲ್ಲಿಸಿ.

ಜೊತೆಗೆ, ವಿಷಯ ಮುಗಿಯುವವರೆಗೆ ಆ ಖಾತೆಯಲ್ಲಿ ಆಡಬೇಡಿ. ಇದು ಬುದ್ಧಿಮಾತಲ್ಲ, ಲೆಕ್ಕದ ಮಾತು. ನೀವು ಆಡುತ್ತಾ ಹೋದರೆ ಬ್ಯಾಲೆನ್ಸ್ ಪ್ರತಿ ನಿಮಿಷ ಬದಲಾಗುತ್ತದೆ. ಆಮೇಲೆ ಕಾಣೆಯಾದದ್ದು ಎಷ್ಟು, ಸೋತದ್ದು ಎಷ್ಟು ಎಂದು ಬಿಡಿಸುವುದು ಕಷ್ಟ.

ಲಕ್ಷಣ: ಬ್ಯಾಲೆನ್ಸ್ ಕಡಿಮೆ ಅಥವಾ ಸೊನ್ನೆ ತೋರಿಸುತ್ತಿದೆ

ಇದಕ್ಕೆ ಕಾರಣ ಬಹಳ ಸಲ ಚಿಕ್ಕದು. ಐದು ನಿಮಿಷ ಸಾಕು, ಕಾಸು ಖರ್ಚಿಲ್ಲ.

ಪರದೆಯ ಮೇಲೆ ಯಾವ ನಾಣ್ಯ ಆರಿಸಿದೆ ನೋಡಿ. ಈ ಸೈಟುಗಳಲ್ಲಿ ಬಿಟ್‌ಕಾಯಿನ್‌ಗೆ ಒಂದು ಲೆಕ್ಕ, ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ನಾಣ್ಯಕ್ಕೆ ಇನ್ನೊಂದು ಲೆಕ್ಕ ಇರುತ್ತದೆ. ದುಡ್ಡು ಒಂದರಲ್ಲಿದ್ದು ಪರದೆ ಇನ್ನೊಂದನ್ನು ತೋರಿಸುತ್ತಿದ್ದರೆ ಸೊನ್ನೆ ಕಾಣುತ್ತದೆ. ಬ್ಯಾಲೆನ್ಸನ್ನು ಡಾಲರ್ ಲೆಕ್ಕದಲ್ಲಿ ನೋಡುತ್ತಿದ್ದರೆ ನಾಣ್ಯದ ಲೆಕ್ಕಕ್ಕೆ ಬದಲಿಸಿ. ಬಿಟ್‌ಕಾಯಿನ್ ಬೆಲೆ ಇಳಿದ ದಿನ ನಾಣ್ಯ ಅಷ್ಟೇ ಇದ್ದರೂ ಡಾಲರ್ ಅಂಕಿ ಕುಗ್ಗಿರುತ್ತದೆ.

ಆಮೇಲೆ 'ವಾಲ್ಟ್' ನೋಡಿ. ಆಡುವ ಬ್ಯಾಲೆನ್ಸ್‌ನಿಂದ ದುಡ್ಡನ್ನು ಬೇರೆ ಇಡುವ ಪೆಟ್ಟಿಗೆ ಅದು. ತಾವೇ ಅಲ್ಲಿಟ್ಟು ಮರೆತವರನ್ನು ನಾನು ಬಹಳ ಕಂಡಿದ್ದೇನೆ. ಮುಗಿಯದ ಪಂತಗಳನ್ನೂ ನೋಡಿ. ಪಂದ್ಯದ ಮೇಲೆ ಕಟ್ಟಿದ ಮೊತ್ತ ಫಲಿತಾಂಶ ಬರುವವರೆಗೆ ಬ್ಯಾಲೆನ್ಸ್‌ನಲ್ಲಿ ಸೇರಿರುವುದಿಲ್ಲ. ಆಟದ ನಡುವೆ ಇಂಟರ್ನೆಟ್ ಹೋಗಿದ್ದರೆ ಅದೇ ಆಟವನ್ನು ಮತ್ತೆ ತೆರೆಯಿರಿ. ನಿಂತ ಸುತ್ತು ಅಲ್ಲಿಂದಲೇ ಮುಂದುವರಿದು ಮೊತ್ತ ವಾಪಸ್ ಬರುವುದುಂಟು.

ಇನ್ನೊಂದು ಸಾಮಾನ್ಯ ಗೊಂದಲವಿದೆ. ಮೊದಲ ಸಲ ಇಮೇಲ್ ಹಾಕಿ ಖಾತೆ ತೆರೆದಿರುತ್ತೀರಿ. ಈ ಸಲ ಗೂಗಲ್ ಬಟನ್ ಒತ್ತಿ ಒಳಗೆ ಹೋಗಿರುತ್ತೀರಿ. ಅದು ಬೇರೆಯೇ ಖಾತೆ ಆಗಿರಬಹುದು. ಮೇಲೆ ಕಾಣುವ ಹೆಸರನ್ನು ಒಮ್ಮೆ ಓದಿ.

ಕೊನೆಯದಾಗಿ ಬೋನಸ್. ಬೋನಸ್ ದುಡ್ಡಿಗೆ ಗಡುವು ಇರುತ್ತದೆ. ಗಡುವು ಮುಗಿದರೆ ಅದು, ಕೆಲವು ಕಡೆ ಅದರಿಂದ ಬಂದ ಗೆಲುವೂ ಸಹ, ತಾನಾಗಿ ಅಳಿದುಹೋಗುತ್ತದೆ. ಇದು ದೋಷವಲ್ಲ, ಷರತ್ತು. ಇಷ್ಟವಾಗದಿದ್ದರೂ ದೂರು ಕೊಟ್ಟು ಗೆಲ್ಲುವುದು ಕಷ್ಟ.

ಲಕ್ಷಣ: ದುಡ್ಡು ಕಳಿಸಿದೆ, ಜಮೆ ಆಗಿಲ್ಲ

ಇಲ್ಲಿ ನಿಮಗೆ ಬೇಕಾದ್ದು ಟ್ರಾನ್ಸಾಕ್ಷನ್ ಐಡಿ, ಅಂದರೆ ಆ ಪಾವತಿಯ ಗುರುತು. ಬಿಟ್‌ಕಾಯಿನ್, ಟ್ರಾನ್ ಜಾಲಗಳಲ್ಲಿ ಅದು 64 ಅಕ್ಷರದ ಉದ್ದ ಸಾಲು. ಈಥೀರಿಯಂ ಜಾಲದಲ್ಲಿ ಅದರ ಮುಂದೆ '0ಎಕ್ಸ್' (0x) ಇರುತ್ತದೆ. ವಾಲೆಟ್‌ನ ಅಥವಾ ಎಕ್ಸ್‌ಚೇಂಜ್‌ನ ಹಿಸ್ಟರಿಯಲ್ಲಿ ಸಿಗುತ್ತದೆ.

ಐಡಿಯೇ ಇಲ್ಲ ಎಂದರೆ ದುಡ್ಡು ಇನ್ನೂ ಹೊರಟಿಲ್ಲ. ಎಕ್ಸ್‌ಚೇಂಜ್ 'ಪ್ರೊಸೆಸಿಂಗ್' ಎನ್ನುತ್ತಿದ್ದರೆ ಅದು ಅವರ ಒಳಗಿನ ತಪಾಸಣೆ. ಕ್ಯಾಸಿನೊವನ್ನು ಕೇಳಿ ಪ್ರಯೋಜನವಿಲ್ಲ, ಎಕ್ಸ್‌ಚೇಂಜನ್ನೇ ಕೇಳಿ. ಕಾರ್ಡಿನಿಂದ ನಾಣ್ಯ ಕೊಂಡು ನೇರ ಕ್ಯಾಸಿನೊಗೆ ಕಳಿಸಿದ್ದರೆ ನಡುವೆ ಮಾರಿದ ಕಂಪನಿಯೊಂದು ಇರುತ್ತದೆ. ಅವರ ಆರ್ಡರ್ ನಂಬರ್ ಹಿಡಿದು ಅವರನ್ನು ಕೇಳಿ.

ಐಡಿ ಸಿಕ್ಕಿದರೆ ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ, ಅಂದರೆ ಬ್ಲಾಕ್‌ಚೈನ್‌ನ ವ್ಯವಹಾರ ತೋರಿಸುವ ಸೈಟಿನಲ್ಲಿ, ಹಾಕಿ ನೋಡಿ. ಈಥೀರಿಯಂಗೆ ಈಥರ್‌ಸ್ಕ್ಯಾನ್, ಟ್ರಾನ್‌ಗೆ ಟ್ರಾನ್‌ಸ್ಕ್ಯಾನ್, ಬಿಟ್‌ಕಾಯಿನ್‌ಗೆ ಮೆಂಪೂಲ್ ಡಾಟ್ ಸ್ಪೇಸ್. ಲಾಗಿನ್ ಬೇಡ, ದುಡ್ಡು ಬೇಡ. ಅಲ್ಲಿ ಕಾಣುವ ಸ್ಥಿತಿಯಿಂದ ಮುಂದಿನ ದಾರಿ ಗೊತ್ತಾಗುತ್ತದೆ.

*ಅಲ್ಲಿ 'ಪೆಂಡಿಂಗ್' ಇದ್ದರೆ.* ವ್ಯವಹಾರಗಳು ಕಂತುಕಂತಾಗಿ ದಾಖಲಾಗುತ್ತವೆ, ಒಂದು ಕಂತಿಗೆ ಬ್ಲಾಕ್ ಎನ್ನುತ್ತಾರೆ. ಬಿಟ್‌ಕಾಯಿನ್‌ನಲ್ಲಿ ಸರಾಸರಿ 10 ನಿಮಿಷಕ್ಕೆ ಒಂದು ಬ್ಲಾಕ್. ಈಥೀರಿಯಂನಲ್ಲಿ 12 ಸೆಕೆಂಡಿಗೆ, ಟ್ರಾನ್‌ನಲ್ಲಿ 3 ಸೆಕೆಂಡಿಗೆ ಒಂದು. ಹಾಗಾಗಿ ಟ್ರಾನ್‌ನಲ್ಲಿ ಅರ್ಧ ಗಂಟೆ ಕಾದರೆ ಏನೋ ತೊಂದರೆ ಇದೆ ಎಂದರ್ಥ. ಬಿಟ್‌ಕಾಯಿನ್‌ನಲ್ಲಿ ಅರ್ಧ ಗಂಟೆ ಏನೂ ಅಲ್ಲ. ಶುಲ್ಕ ಕಡಿಮೆ ಇಟ್ಟಿದ್ದರೆ ದಿನಗಟ್ಟಲೆ ನಿಲ್ಲಬಹುದು. ನಿಮ್ಮದೇ ವಾಲೆಟ್ ಆಗಿದ್ದು ಅದರಲ್ಲಿ 'ಶುಲ್ಕ ಹೆಚ್ಚಿಸು' ಎಂಬ ಸೌಲಭ್ಯವಿದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಕಾಯಿರಿ. ಬಿಟ್‌ಕಾಯಿನ್ ಜಾಲದ ಕಂಪ್ಯೂಟರುಗಳು ಸಾಮಾನ್ಯವಾಗಿ ಎರಡು ವಾರ ಕಾದು, ಆಗಲೂ ಬ್ಲಾಕಿಗೆ ಸೇರದ ವ್ಯವಹಾರವನ್ನು ಕೈಬಿಡುತ್ತವೆ. ಆಗ ಆ ನಾಣ್ಯ ನಿಮ್ಮ ವಾಲೆಟ್‌ನಲ್ಲೇ ಮತ್ತೆ ಖರ್ಚಿಗೆ ಸಿಗುತ್ತದೆ.

*ಅಲ್ಲಿ 'ಫೇಲ್ಡ್' ಇದ್ದರೆ.* ಈಥೀರಿಯಂ ಥರದ ಜಾಲಗಳಲ್ಲಿ ಹೀಗಾಗುತ್ತದೆ. 'ಗ್ಯಾಸ್' ಎಂಬ ಜಾಲದ ಶುಲ್ಕ ಹೋಗಿರುತ್ತದೆ, ಮೊತ್ತ ನಿಮ್ಮಲ್ಲೇ ಉಳಿದಿರುತ್ತದೆ. ಕ್ಯಾಸಿನೊ ಮೇಲೆ ದೂರು ಬೇಡ.

*'ಸಕ್ಸೆಸ್' ಇದ್ದು, ಆಗಿ ಸ್ವಲ್ಪ ಹೊತ್ತಷ್ಟೇ ಆಗಿದ್ದರೆ.* ಕನ್‌ಫರ್ಮೇಷನ್, ಅಂದರೆ ನಿಮ್ಮ ವ್ಯವಹಾರ ಸೇರಿದ ಬ್ಲಾಕಿನಿಂದ ಎಣಿಸಿದ ಬ್ಲಾಕುಗಳು, ಎಷ್ಟು ಬಂದಿದೆ ನೋಡಿ. ಬಿಟ್‌ಕಾಯಿನ್‌ಗೆ ಕೆಲವು ಕ್ಯಾಸಿನೊ 1 ಸಾಕು ಎನ್ನುತ್ತವೆ, ಕೆಲವು 3 ಕೇಳುತ್ತವೆ. 6 ಎಂಬುದು ಹಳೆಯ ರೂಢಿ, ಅದಕ್ಕೆ ಸುಮಾರು ಒಂದು ಗಂಟೆ. ಡೆಪಾಸಿಟ್ ಪುಟದಲ್ಲಿ ಆ ಸಂಖ್ಯೆ ಬರೆದಿರುತ್ತದೆ.

*'ಸಕ್ಸೆಸ್' ಇದೆ, ಕನ್‌ಫರ್ಮೇಷನ್‌ಗಳೂ ತುಂಬಿವೆ, ಆದರೂ ಜಮೆ ಇಲ್ಲ.* ಇಲ್ಲಿ ನಿಧಾನವಾಗಿ ನೋಡಬೇಕು. ಎಕ್ಸ್‌ಪ್ಲೋರರ್‌ನಲ್ಲಿ ದುಡ್ಡು ತಲುಪಿದ ಅಡ್ರೆಸನ್ನು ಕ್ಯಾಸಿನೊ ಕೊಟ್ಟ ಅಡ್ರೆಸ್ ಜೊತೆ ಪೂರ್ತಿ ಹೋಲಿಸಿ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ಬಿಡಬೇಡಿ. ಅದು ಯಾಕೆ ಎಂದು ಮುಂದೆ ಹೇಳುತ್ತೇನೆ. ಎಕ್ಸ್‌ಚೇಂಜ್‌ನಿಂದ ಕಳಿಸಿದ್ದರೆ ಒಂದೇ ಐಡಿಯಲ್ಲಿ ಹತ್ತಾರು ಜನರ ಪಾವತಿ ಸೇರಿರಬಹುದು. ಗಾಬರಿ ಬೇಡ, ಆ ಪಟ್ಟಿಯಲ್ಲಿ ನಿಮ್ಮ ಸಾಲನ್ನು ಹುಡುಕಿ.

ಅಡ್ರೆಸ್ ಸರಿ ಇದ್ದರೆ ನೆಟ್‌ವರ್ಕ್ ನೋಡಿ. ಯುಎಸ್‌ಡಿಟಿ ಒಂದೇ ಹೆಸರಿನಲ್ಲಿ ಹಲವು ಜಾಲಗಳಲ್ಲಿ ಓಡಾಡುತ್ತದೆ. ಟ್ರಾನ್ ಅಡ್ರೆಸ್ 'ಟಿ' ಅಕ್ಷರದಿಂದ ಶುರುವಾಗುತ್ತದೆ, ಈಥೀರಿಯಂನದು '0ಎಕ್ಸ್'ನಿಂದ. ಇವೆರಡರ ನಡುವೆ ತಪ್ಪಾದರೆ ವಾಲೆಟ್ ಕಳಿಸುವುದಕ್ಕೇ ಬಿಡುವುದಿಲ್ಲ. ಅಪಾಯ ಇರುವುದು ಈಥೀರಿಯಂ, ಬಿಎನ್‌ಬಿ ಚೈನ್, ಪಾಲಿಗಾನ್ ಇವುಗಳ ನಡುವೆ. ಮೂರರ ಅಡ್ರೆಸ್ ರೂಪವೂ ಒಂದೇ, ಹಾಗಾಗಿ ಯಾರೂ ಎಚ್ಚರಿಸುವುದಿಲ್ಲ.

ನನಗೇ ಒಮ್ಮೆ ಹೀಗಾಗಿದೆ. ಈಥೀರಿಯಂ ಅಡ್ರೆಸ್‌ಗೆ ಬಿಎನ್‌ಬಿ ಚೈನ್ ಮೂಲಕ ಕಳಿಸಿಬಿಟ್ಟೆ. ಆ ಅಡ್ರೆಸ್‌ನ ಕೀಲಿ ಯಾರ ಹತ್ತಿರ ಇದೆಯೋ ಅವರಿಗೆ ಎರಡೂ ಜಾಲದಲ್ಲಿ ಅದು ತೆರೆಯುತ್ತದೆ. ಹಾಗಾಗಿ ಕ್ಯಾಸಿನೊ ಮನಸ್ಸು ಮಾಡಿದರೆ ದುಡ್ಡು ತೆಗೆಯಬಹುದಿತ್ತು. ಮೂರು ವಾರ ಸಮಾಧಾನದಿಂದ ಬರೆದೆ. ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರು. ಎಲ್ಲ ಕಡೆ ಹೀಗಾಗುತ್ತದೆ ಎಂದು ಹೇಳಲಾರೆ. ಆ ಅಡ್ರೆಸ್ ಒಂದು ಸ್ಮಾರ್ಟ್ ಕಾಂಟ್ರಾಕ್ಟ್ (ಜಾಲದ ಮೇಲೇ ಓಡುವ ಪ್ರೋಗ್ರಾಮ್) ಆಗಿದ್ದರೆ ಇನ್ನೊಂದು ಜಾಲದಲ್ಲಿ ತೆಗೆಯಲು ಆಗದೆಯೂ ಹೋಗಬಹುದು. ಇಂಥ ಕಡೆ ಹಕ್ಕಿನ ದನಿಗಿಂತ ವಿನಂತಿಯ ದನಿ ಹೆಚ್ಚು ಕೆಲಸ ಮಾಡುತ್ತದೆ. ತಪ್ಪು ನಮ್ಮದು ಅಲ್ವಾ?

ಎಕ್ಸ್‌ಆರ್‌ಪಿ, ಸ್ಟೆಲ್ಲಾರ್, ಟಾನ್ ಈ ನಾಣ್ಯಗಳಲ್ಲಿ ಅಡ್ರೆಸ್ ಜೊತೆ ಟ್ಯಾಗ್ ಅಥವಾ ಮೆಮೊ ಹಾಕಬೇಕು. ಅಲ್ಲಿ ಎಲ್ಲ ಆಟಗಾರರಿಗೂ ಒಂದೇ ಅಡ್ರೆಸ್ ಇರಬಹುದು. ಯಾರ ದುಡ್ಡು ಎಂದು ಹೇಳುವುದು ಆ ಟ್ಯಾಗ್. ಅದು ಬಿಟ್ಟುಹೋಗಿದ್ದರೆ ದುಡ್ಡು ಕ್ಯಾಸಿನೊ ಕೈಯಲ್ಲೇ ಇದೆ, ಹೆಸರಿಲ್ಲದೆ ಬಿದ್ದಿದೆ ಅಷ್ಟೇ. ಐಡಿ, ಮೊತ್ತ, ಸಮಯ ಕೊಟ್ಟರೆ ಸಾಮಾನ್ಯವಾಗಿ ಜಮೆ ಮಾಡುತ್ತಾರೆ.

ಇನ್ನು ಕನಿಷ್ಠ ಮೊತ್ತ. ಎಕ್ಸ್‌ಚೇಂಜ್ ತನ್ನ ಶುಲ್ಕವನ್ನು ನೀವು ಕಳಿಸಿದ ಮೊತ್ತದಿಂದಲೇ ಕಳೆದರೆ, ತಲುಪಿದ್ದು ಕನಿಷ್ಠಕ್ಕಿಂತ ಸ್ವಲ್ಪ ಕಡಿಮೆ ಆಗಿರಬಹುದು. ಕೆಲವು ಕಡೆ ಇನ್ನಷ್ಟು ಕಳಿಸಿದರೆ ಎರಡೂ ಸೇರಿ ಜಮೆಯಾಗುತ್ತದೆ, ಕೆಲವು ಕಡೆ ಇಲ್ಲ. ಕಳಿಸುವ ಮೊದಲು ಚಾಟ್‌ನಲ್ಲಿ ಕೇಳಿ, ಉತ್ತರವನ್ನು ಸ್ಕ್ರೀನ್‌ಶಾಟ್ ಮಾಡಿ.

"ಕಳಿಸಿದ ಕಡೆಗೇ ವಾಪಸ್ ಮಾಡುತ್ತೇವೆ" ಎಂದು ಕ್ಯಾಸಿನೊ ಹೇಳಿದರೆ ಕೂಡಲೇ ಒಪ್ಪಬೇಡಿ. ನೀವು ಎಕ್ಸ್‌ಚೇಂಜ್‌ನಿಂದ ಕಳಿಸಿದ್ದರೆ, 'ಕಳಿಸಿದ ಕಡೆ' ಎಂದರೆ ಎಕ್ಸ್‌ಚೇಂಜ್‌ನ ಸಾಮೂಹಿಕ ವಾಲೆಟ್. ಅಲ್ಲಿಗೆ ಬಂದ ದುಡ್ಡಿನ ಮೇಲೆ ನಿಮ್ಮ ಹೆಸರಿರುವುದಿಲ್ಲ. ಎಕ್ಸ್‌ಚೇಂಜ್ ನಿಮಗೆ ಕೊಟ್ಟ ಡೆಪಾಸಿಟ್ ಅಡ್ರೆಸ್ ತಿಳಿಸಿ, ಅಲ್ಲಿಗೇ ಕಳಿಸಿ ಎಂದು ಬರಹದಲ್ಲಿ ಹೇಳಿ.

ಇಷ್ಟೆಲ್ಲ ನೋಡಿ ಅಡ್ರೆಸ್, ನೆಟ್‌ವರ್ಕ್, ಟ್ಯಾಗ್, ಮೊತ್ತ ಎಲ್ಲವೂ ಸರಿ ಇದ್ದರೆ ದೋಷ ಕ್ಯಾಸಿನೊದ ಲೆಕ್ಕದಲ್ಲಿದೆ. ಇನ್ನು ಉತ್ತರ ಕೊಡಬೇಕಾದವರು ಅವರು.

ಲಕ್ಷಣ: ದುಡ್ಡು ಹೋಗಿದೆ, ಆದರೆ ಅಡ್ರೆಸ್ ಕ್ಯಾಸಿನೊದ್ದಲ್ಲ

ಇದು ಕಹಿ ಸುದ್ದಿ. ಇದಕ್ಕೆ ಕಾರಣ ಮೂರು ಥರ.

ಮೊದಲನೆಯದು ಕಂಪ್ಯೂಟರ್ ಅಥವಾ ಫೋನಿನಲ್ಲಿ ಕೂತ ಕಳ್ಳ ಪ್ರೋಗ್ರಾಮ್. ನೀವು ಒಂದು ಅಡ್ರೆಸ್ ಕಾಪಿ ಮಾಡುತ್ತೀರಿ, ಪೇಸ್ಟ್ ಆಗುವುದು ಬೇರೆಯದು. ಪರೀಕ್ಷೆ ಸುಲಭ. ಯಾವುದಾದರೂ ಅಡ್ರೆಸ್ ಕಾಪಿ ಮಾಡಿ ಖಾಲಿ ನೋಟ್‌ನಲ್ಲಿ ಪೇಸ್ಟ್ ಮಾಡಿ, ಹೋಲಿಸಿ. ಬದಲಾದರೆ ಆ ಸಾಧನದಿಂದ ಇನ್ನು ಒಂದು ಕಾಸನ್ನೂ ಕಳಿಸಬೇಡಿ.

ಎರಡನೆಯದು ಹಿಸ್ಟರಿಗೆ ಬೆರೆಸುವ ವಿಷ. ನೀವು ಆಗಾಗ ಬಳಸುವ ಅಡ್ರೆಸ್‌ನ ಹಾಗೇ ಶುರುವಾಗಿ ಹಾಗೇ ಮುಗಿಯುವ ಅಡ್ರೆಸೊಂದನ್ನು ಕಳ್ಳರು ತಯಾರಿಸುತ್ತಾರೆ. ಅದರಿಂದ ನಿಮಗೆ ಸೊನ್ನೆ ಅಥವಾ ಪುಡಿಗಾಸು ಕಳಿಸುತ್ತಾರೆ. ಅದು ನಿಮ್ಮ ಹಿಸ್ಟರಿಯಲ್ಲಿ ಕೂರುತ್ತದೆ. ಮುಂದಿನ ಸಲ ನೀವು ಅಲ್ಲಿಂದ ಕಾಪಿ ಮಾಡಿದರೆ ದುಡ್ಡು ಅವರಿಗೆ. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆ 1,155 ಡಬ್ಲ್ಯೂಬಿಟಿಸಿ (ಬಿಟ್‌ಕಾಯಿನ್ ಬೆಲೆಗೆ ಕಟ್ಟಿದ ಈಥೀರಿಯಂ ನಾಣ್ಯ), ಆಗಿನ ಬೆಲೆಯಲ್ಲಿ ಸುಮಾರು 6.8 ಕೋಟಿ ಡಾಲರ್, ಕಳಿಸಿಬಿಟ್ಟರು. ಅಷ್ಟು ದೊಡ್ಡ ಮೊತ್ತ ಇದ್ದದ್ದರಿಂದ ಎಲ್ಲರ ಕಣ್ಣು ಬಿತ್ತು, ಮಾತುಕತೆಯಾಗಿ ಕೊನೆಗೆ ವಾಪಸ್ ಬಂತು. ಸಣ್ಣ ಮೊತ್ತ ಕಳೆದುಕೊಂಡವರಿಗೆ ಆ ಅದೃಷ್ಟ ಇರುವುದಿಲ್ಲ. ಹಿಸ್ಟರಿಯಿಂದ ಅಡ್ರೆಸ್ ಕಾಪಿ ಮಾಡುವ ರೂಢಿ ಇದ್ದರೆ ಇವತ್ತೇ ಬಿಡಿ.

ಮೂರನೆಯದು ನಕಲಿ ಸೈಟ್. ಜಾಹೀರಾತಿನ ಕೊಂಡಿ ಒತ್ತಿ ಹೋದ ಪುಟ ಅಸಲಿಯ ಹಾಗೇ ಇರುತ್ತದೆ, ವಿಳಾಸದಲ್ಲಿ ಒಂದಕ್ಷರ ಬೇರೆ. ಬ್ರೌಸರ್ ಹಿಸ್ಟರಿ ತೆರೆದು ಅವತ್ತು ಹೋದ ಪುಟದ ವಿಳಾಸ ನೋಡಿ.

ಈ ಮೂರರಲ್ಲೂ ಕ್ಯಾಸಿನೊ ಏನೂ ಮಾಡಲಾರದು. ಕಳ್ಳರ ಅಡ್ರೆಸ್‌ನಿಂದ ದುಡ್ಡು ಎಲ್ಲಿಗೆ ಹೋಯಿತು ಎಂದು ಎಕ್ಸ್‌ಪ್ಲೋರರ್‌ನಲ್ಲೇ ಹಿಂಬಾಲಿಸಬಹುದು. ಹೆಸರಿರುವ ಎಕ್ಸ್‌ಚೇಂಜ್‌ಗೆ ಹೋಗಿದ್ದರೆ ಆ ಕ್ಷಣವೇ ಅವರಿಗೆ ಬರೆಯಿರಿ, ಪೊಲೀಸರ ಸೈಬರ್ ವಿಭಾಗಕ್ಕೂ ದೂರು ಕೊಡಿ. ಯುಎಸ್‌ಡಿಟಿ ಆಗಿದ್ದರೆ ಅದನ್ನು ಹೊರಡಿಸುವ ಟೆದರ್ ಕಂಪನಿಗೆ ಅಡ್ರೆಸ್ ತಡೆಹಿಡಿಯುವ ಶಕ್ತಿ ಇದೆ. ಅದಕ್ಕೆ ಸಾಮಾನ್ಯವಾಗಿ ಪೊಲೀಸರ ಮೂಲಕವೇ ಕೇಳಬೇಕಾಗುತ್ತದೆ. ಇಲ್ಲಿ ಗಂಟೆಗಳು ಲೆಕ್ಕಕ್ಕೆ ಬರುತ್ತವೆ.

ಲಕ್ಷಣ: ವಿತ್‌ಡ್ರಾ 'ಪೆಂಡಿಂಗ್' ಎಂದೇ ಇದೆ

ಮೊದಲು ಇಮೇಲ್ ನೋಡಿ, ಸ್ಪ್ಯಾಮ್ ಸೇರಿಸಿ. "ನೀವೇ ಕೇಳಿದ್ದಾ? ಇಲ್ಲಿ ಒತ್ತಿ" ಎಂಬ ಪತ್ರಕ್ಕೆ ಉತ್ತರ ಸಿಗದೆ ಎಷ್ಟೋ ವಿತ್‌ಡ್ರಾ ನಿಂತಿರುತ್ತದೆ.

ಆಮೇಲೆ ಆಡಿ ತೀರಿಸಬೇಕಾದ ಮೊತ್ತ ಬಾಕಿ ಇದೆಯಾ ನೋಡಿ. ಬೋನಸ್ ತೆಗೆದುಕೊಳ್ಳದಿದ್ದರೂ, ಹಾಕಿದ ದುಡ್ಡನ್ನು ಒಂದು ಸಲವಾದರೂ ಆಡಬೇಕು ಎಂಬ ನಿಯಮ ಬಹಳ ಕಡೆ ಇದೆ. ದುಡ್ಡಿನ ಮೂಲ ಮರೆಮಾಚುವವರನ್ನು ತಡೆಯಲು ಅದನ್ನು ಇಟ್ಟಿರುತ್ತಾರೆ.

ಗುರುತಿನ ದಾಖಲೆ ಕೇಳಿದ್ದರೆ ಕೊಡಬೇಕಾಗುತ್ತದೆ. ದುಡ್ಡು ಹಾಕುವಾಗ ಏನೂ ಕೇಳದೆ, ತೆಗೆಯುವಾಗ ಕೇಳುವುದು ನನಗೂ ಸರಿಯೆನಿಸುವುದಿಲ್ಲ. ಆದರೆ ಷರತ್ತಿನಲ್ಲಿ ಅದು ಬರೆದಿರುತ್ತದೆ. ದಾಖಲೆಯ ಮೇಲೆ ಆ ಸೈಟಿನ ಹೆಸರು, ದಿನಾಂಕ, 'ತಪಾಸಣೆಗೆ ಮಾತ್ರ' ಎಂದು ಅಡ್ಡಲಾಗಿ ಬರೆದು ಕಳಿಸಿ. ಓದಲು ಆಗುವ ಹಾಗಿರಲಿ, ಇಲ್ಲದಿದ್ದರೆ ತಿರಸ್ಕರಿಸುತ್ತಾರೆ. ಸೈಟಿನ ಒಳಗಿನ ಪುಟದಲ್ಲೇ ಹಾಕಿ. ಟೆಲಿಗ್ರಾಂನಲ್ಲಿ ಯಾರೋ ಕೇಳಿದರೆ ಕೊಡಬೇಡಿ.

ಎಲ್ಲರ ವಿತ್‌ಡ್ರಾ ಒಟ್ಟಿಗೆ ನಿಂತಿದ್ದರೆ ಅದು ಬೇರೆ ಕಥೆ. ದಿನದ ಪಾವತಿಗೆಂದು ಕ್ಯಾಸಿನೊ ಒಂದು ವಾಲೆಟ್ ಇಟ್ಟಿರುತ್ತದೆ. ಅದು ಖಾಲಿಯಾದಾಗ ತುಂಬುವವರೆಗೆ ತಡವಾಗುತ್ತದೆ. ಕಳುವಾದಾಗ ಪೂರ್ತಿ ನಿಲ್ಲಿಸುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಸ್ಟೇಕ್ ಡಾಟ್ ಕಾಮ್ ಎಂಬ ಕ್ಯಾಸಿನೊದ ಇಂಥ ವಾಲೆಟ್‌ಗಳಿಂದ ಸುಮಾರು 4.1 ಕೋಟಿ ಡಾಲರ್ ಹೋಯಿತು. ಉತ್ತರ ಕೊರಿಯಾದ ಲಾಜರಸ್ ಎಂಬ ಹ್ಯಾಕರ್ ಗುಂಪಿನ ಕೆಲಸ ಅದು ಎಂದು ಅಮೆರಿಕದ ಎಫ್‌ಬಿಐ ಹೇಳಿತು. ಅಲ್ಲಿ ಕೆಲವೇ ಗಂಟೆಗಳಲ್ಲಿ ಪಾವತಿ ಮತ್ತೆ ಶುರುವಾಯಿತು. ಕಾರಣ ಹೇಳದೆ ದಿನಗಟ್ಟಲೆ ಎಲ್ಲರಿಗೂ ನಿಲ್ಲಿಸಿ, ಹೊಸ ಡೆಪಾಸಿಟ್ ಮಾತ್ರ ತೆಗೆದುಕೊಳ್ಳುತ್ತಿದ್ದರೆ ಅದು ದೊಡ್ಡ ಅಪಾಯದ ಸೂಚನೆ. ದಾಖಲೆಗಳನ್ನೆಲ್ಲ ಇವತ್ತೇ ಉಳಿಸಿಕೊಳ್ಳಿ, ಸೈಟ್ ನಾಳೆ ಇಲ್ಲದೆ ಹೋಗಬಹುದು.

ಪೆಂಡಿಂಗ್ ಪಕ್ಕದಲ್ಲಿ 'ರದ್ದು ಮಾಡಿ ಆಟ ಮುಂದುವರಿಸಿ' ಎಂಬ ಬಟನ್ ಇದ್ದರೆ ಅದನ್ನು ಮುಟ್ಟಬೇಡಿ. ತಡವಾದಷ್ಟೂ ಕೈ ಅಲ್ಲಿಗೇ ಹೋಗುತ್ತದೆ. ನಾನು ನೋಡಿದ ದೂರುಗಳಲ್ಲಿ ಮನಸ್ಸಿಗೆ ಜಾಸ್ತಿ ನೋವು ಕೊಟ್ಟದ್ದು ಇದೇ. ಪಾವತಿಗೆ ಇನ್ನೊಂದೇ ದಿನ ಬಾಕಿ ಇದ್ದಾಗ ಆಟಗಾರ ತಾನೇ ರದ್ದು ಮಾಡಿ ಅಷ್ಟನ್ನೂ ಸೋತಿರುತ್ತಾನೆ. ಅದನ್ನು ವಾಪಸ್ ಕೊಡಿಸಲು ಯಾರಿಂದಲೂ ಆಗುವುದಿಲ್ಲ. ಕೈ ತಡೆಯುವುದು ಕಷ್ಟ ಎನಿಸಿದರೆ ಸೈಟಿನಲ್ಲೇ ಆಟ ನಿಲ್ಲಿಸುವ ಸೌಲಭ್ಯವನ್ನು ಕೇಳಿ ಹಾಕಿಸಿಕೊಳ್ಳಿ. ಅದು ಹಾಕಿದರೂ ಬಾಕಿ ಇರುವ ವಿತ್‌ಡ್ರಾ ನಡೆಯುತ್ತದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ಮನೆಯಲ್ಲಿ ಒಬ್ಬರಿಗಾದರೂ ವಿಷಯ ಹೇಳಿ.

ಲಕ್ಷಣ: ವಿತ್‌ಡ್ರಾ 'ಕಂಪ್ಲೀಟೆಡ್', ವಾಲೆಟ್‌ನಲ್ಲಿ ಏನೂ ಇಲ್ಲ

ಕ್ಯಾಸಿನೊದಿಂದ ಟ್ರಾನ್ಸಾಕ್ಷನ್ ಐಡಿ ಕೇಳಿ. ಕೊಡದೆ 'ಆಗಿದೆ' ಎಂದಷ್ಟೇ ಹೇಳಿದರೆ ಒಪ್ಪಬೇಡಿ. ಐಡಿ ಇಲ್ಲದ ಪಾವತಿ ಪಾವತಿಯೇ ಅಲ್ಲ.

ಐಡಿ ಸರಿ ಇದ್ದು ನಿಮ್ಮ ಅಡ್ರೆಸ್‌ಗೇ ತಲುಪಿದ್ದರೆ, ವಾಲೆಟ್ ಆ ಟೋಕನ್ ತೋರಿಸುತ್ತಿಲ್ಲ ಅಷ್ಟೇ. ವಾಲೆಟ್‌ನಲ್ಲಿ ಆ ಜಾಲವನ್ನು, ಆ ಟೋಕನ್ನನ್ನು ಸೇರಿಸಿದರೆ ಕಾಣುತ್ತದೆ. ಎಕ್ಸ್‌ಚೇಂಜ್ ಅಡ್ರೆಸ್‌ಗೆ ಹೋಗಿದ್ದರೆ ಕ್ಯಾಸಿನೊ ಕೆಲಸ ಮುಗಿದಿದೆ, ಎಕ್ಸ್‌ಚೇಂಜನ್ನು ಕೇಳಿ. ಜೂಜಿನ ಸೈಟಿನಿಂದ ಬಂದ ದುಡ್ಡನ್ನು ಕೆಲವು ಎಕ್ಸ್‌ಚೇಂಜ್‌ಗಳು ತಡೆದು ಮೂಲ ಕೇಳುತ್ತವೆ. ಅವರಿಗೆ ಸುಳ್ಳು ಹೇಳಬೇಡಿ, ಬ್ಲಾಕ್‌ಚೈನ್‌ನಲ್ಲಿ ಅವರಿಗೆ ಆಗಲೇ ಎಲ್ಲ ಕಂಡಿರುತ್ತದೆ.

ಲಕ್ಷಣ: ನಾನು ಆಡಿಯೇ ಇಲ್ಲ, ಬ್ಯಾಲೆನ್ಸ್ ಖಾಲಿ

ಇಲ್ಲಿ ಮೊದಲು ಬಾಗಿಲು ಹಾಕಿ, ಆಮೇಲೆ ಕಳ್ಳನನ್ನು ಹುಡುಕಿ. ಚಾಟ್‌ನಲ್ಲಿ "ಖಾತೆಗೆ ಬೇರೆಯವರು ನುಗ್ಗಿದ್ದಾರೆ, ಕೂಡಲೇ ಬೀಗ ಹಾಕಿ" ಎಂದು ಬರೆಯಿರಿ. ಇಮೇಲ್‌ನ ಪಾಸ್‌ವರ್ಡನ್ನು ಮೊದಲು ಬದಲಿಸಿ, ಕ್ಯಾಸಿನೊದ್ದು ಆಮೇಲೆ. ಇಮೇಲ್ ಅವರ ಕೈಯಲ್ಲಿದ್ದರೆ ಉಳಿದದ್ದೆಲ್ಲ ವ್ಯರ್ಥ. ಇಮೇಲ್ ಸೆಟ್ಟಿಂಗ್‌ನಲ್ಲಿ ನೀವು ಹಾಕದ ಫಿಲ್ಟರ್ ಇದೆಯಾ ನೋಡಿ. ಕ್ಯಾಸಿನೊ ಪತ್ರಗಳು ನಿಮಗೆ ಕಾಣದ ಹಾಗೆ ಕಳ್ಳರು ಅದನ್ನು ಹಾಕಿಟ್ಟಿರುತ್ತಾರೆ. ಎರಡು ಹಂತದ ಲಾಗಿನ್ ಇಲ್ಲದಿದ್ದರೆ ಹಾಕಿ.

ಆಮೇಲೆ ಖಾತೆಯ ಲಾಗಿನ್ ಪಟ್ಟಿ, ಪಂತಗಳ ಪಟ್ಟಿ, ವಿತ್‌ಡ್ರಾ ಪಟ್ಟಿ ಮೂರನ್ನೂ ಇಳಿಸಿಕೊಳ್ಳಿ. ಸಮಯ ನೋಡುವಾಗ ಎಚ್ಚರ, ಬಹಳ ಸೈಟುಗಳು ನಮ್ಮ ಗಡಿಯಾರದ್ದಲ್ಲ, ಯುಟಿಸಿ ಎಂಬ ಜಾಗತಿಕ ಸಮಯ ತೋರಿಸುತ್ತವೆ. "ಆ ಹೊತ್ತಿಗೆ ನಾನು ಮಲಗಿದ್ದೆ" ಎಂದು ವಾದಿಸಿ, ಆಮೇಲೆ ಲೆಕ್ಕ ಹಾಕಿದರೆ ಎಚ್ಚರವಿದ್ದ ಹೊತ್ತೇ ಆಗಿರುತ್ತದೆ. ಅಂಥ ಒಂದು ತಪ್ಪು ಇಡೀ ದೂರಿನ ಬೆಲೆ ಕಳೆಯುತ್ತದೆ.

ನಿಮ್ಮ ಫೋನ್ ಬಳಸುವ ಮನೆಯವರನ್ನೂ ಮೆತ್ತಗೆ ಕೇಳಿ. ಗದರಿಸಿದರೆ ನಿಜ ಹೊರಬರುವುದಿಲ್ಲ.

ಹಾಗಲ್ಲದೆ, ಖಾಲಿಯಾದದ್ದು ನಿಮ್ಮ ಸ್ವಂತ ವಾಲೆಟ್ ಆಗಿದ್ದು, ಯಾವುದೋ ಸೈಟಿಗೆ ವಾಲೆಟ್ ಜೋಡಿಸಿ ಒಪ್ಪಿಗೆ ಒತ್ತಿದ್ದರೆ, ಆ ಒಪ್ಪಿಗೆಯನ್ನು ಕೂಡಲೇ ರದ್ದು ಮಾಡಿ. ಗುಪ್ತ ಪದಗಳೇ ಬಯಲಾಗಿದ್ದರೆ ಅದೂ ಸಾಲದು. ಹೊಸ ವಾಲೆಟ್ ತೆರೆದು ಉಳಿದದ್ದನ್ನು ಅಲ್ಲಿಗೆ ಸಾಗಿಸಿ.

ಲಕ್ಷಣ: ಗೆದ್ದೆ, ಖಾತೆ ಮುಚ್ಚಿದರು

"ಷರತ್ತು ಮುರಿದಿದ್ದೀರಿ" ಎಂಬುದು ಉತ್ತರವಲ್ಲ. ಯಾವ ಷರತ್ತು, ಯಾವ ಸಂಖ್ಯೆ, ಯಾವ ಪಂತದಲ್ಲಿ, ಯಾವ ಸಮಯಕ್ಕೆ ಎಂದು ಕೇಳಿ. ಬೋನಸ್ ಇದ್ದಾಗ ಒಂದು ಪಂತಕ್ಕೆ ಮಿತಿ ಇರುತ್ತದೆ. ಒಬ್ಬರಿಗೆ ಎರಡು ಖಾತೆ ಇರಬಾರದು. ಅವಕಾಶವಿಲ್ಲದ ದೇಶದಿಂದ, ಇರುವ ಜಾಗ ಮರೆಮಾಡುವ ವಿಪಿಎನ್ ಹಾಕಿ ಆಡಿರಬಾರದು. ಸಾಮಾನ್ಯವಾಗಿ ಕಾರಣ ಈ ಮೂರರಲ್ಲಿ ಒಂದು. ನಿಜವಾಗಿ ಹಾಗೆ ಮಾಡಿದ್ದರೆ ಗೆಲುವು ಸಿಗುವ ಆಸೆ ಕಡಿಮೆ. ಆದರೂ ನೀವು ಹಾಕಿದ ಅಸಲನ್ನು ಬೇರೆಯಾಗಿ ಕೇಳಿ. ಗೆಲುವು ರದ್ದು ಮಾಡುವುದು ಬೇರೆ, ಅಸಲು ನುಂಗುವುದು ಬೇರೆ. ಈ ಎರಡನ್ನು ಒಂದೇ ವಾಕ್ಯದಲ್ಲಿ ಬೆರೆಸಿ ಕೇಳಿದರೆ ಎರಡೂ ಹೋಗುತ್ತದೆ.

ಷರತ್ತಿನ ಪುಟವನ್ನು ಆ ದಿನವೇ ಉಳಿಸಿಕೊಳ್ಳಿ. ನೀವು ಆಡಿದ ದಿನ ಏನು ಬರೆದಿತ್ತು ಎಂಬುದು ಮುಖ್ಯ. ಹಳೆಯ ಪುಟ ಬೇಕಿದ್ದರೆ ಅಂಥವನ್ನು ಉಳಿಸಿಡುವ ವೇಬ್ಯಾಕ್ ಮೆಷೀನ್ ಎಂಬ ಸೈಟಿನಲ್ಲಿ ಹುಡುಕಿ.

ಆಟದ ಫಲಿತಾಂಶದ ಮೇಲೇ ಅನುಮಾನ ಇದ್ದರೆ 'ಪ್ರೂವಬ್ಲಿ ಫೇರ್' (ಮೋಸವಿಲ್ಲ ಎಂದು ಲೆಕ್ಕ ಹಾಕಿ ನೋಡುವ) ಪರೀಕ್ಷೆ ಮಾಡಿ. ಫಲಿತಾಂಶ ಲೆಕ್ಕ ಹಾಕಲು ಬಳಸುವ ಗುಟ್ಟಿನ ಅಕ್ಷರಮಾಲೆ 'ಸರ್ವರ್ ಸೀಡ್', ಅದರ ಬೆರಳಚ್ಚಿನಂಥ ಗುರುತು 'ಹ್ಯಾಶ್'. ಕ್ಯಾಸಿನೊ ತನ್ನ ಸರ್ವರ್ ಸೀಡ್‌ನ ಹ್ಯಾಶ್ ಮೊದಲೇ ಕೊಟ್ಟಿರುತ್ತದೆ. ನೀವು ಸೀಡ್ ಬದಲಿಸಿದಾಗ ಹಳೆಯ ಸೀಡ್ ಬಯಲಾಗುತ್ತದೆ. ಎರಡೂ ತಾಳೆಯಾಗಿ, ಲೆಕ್ಕ ಹಾಕಿದರೆ ಅದೇ ಫಲಿತಾಂಶ ಬಂದರೆ ಆ ಪಂತದಲ್ಲಿ ಕೈಚಳಕ ಆಗಿಲ್ಲ. ಆದರೆ ಇದು ಪಂತದ ಫಲಿತಾಂಶಕ್ಕೆ ಮಾತ್ರ ಸಾಕ್ಷಿ. ಜಮೆ, ವಿತ್‌ಡ್ರಾ ವಿಷಯದಲ್ಲಿ ಇದು ಏನೂ ಹೇಳುವುದಿಲ್ಲ. "ನಮ್ಮದು ಪ್ರೂವಬ್ಲಿ ಫೇರ್, ಹಾಗಾಗಿ ಪಾವತಿಯೂ ಸರಿ" ಎಂಬ ವಾದ ನಿಲ್ಲುವುದಿಲ್ಲ.

ದೋಷ ಅವರದ್ದೇ ಎಂದು ಗೊತ್ತಾದ ಮೇಲೆ

ಒಂದೇ ಟಿಕೆಟ್ ತೆರೆಯಿರಿ. ದಿನಕ್ಕೊಂದು ತೆರೆದರೆ ಒಬ್ಬೊಬ್ಬರು ಒಂದೊಂದು ತುಂಡು ಓದಿ ಮತ್ತೆ ಮೊದಲಿನಿಂದ ಕೇಳುತ್ತಾರೆ. ಬರೆಯುವ ಮಾತು ಇಷ್ಟೇ ಇರಲಿ:

"ನನ್ನ ಖಾತೆಯ ಹೆಸರು ಇದು. ಈ ದಿನ, ಯುಟಿಸಿ ಇಷ್ಟು ಗಂಟೆಗೆ, ಈ ಜಾಲದಲ್ಲಿ, ಇಷ್ಟು ಮೊತ್ತ, ನೀವು ಕೊಟ್ಟ ಈ ಅಡ್ರೆಸ್‌ಗೆ ತಲುಪಿದೆ. ಟ್ರಾನ್ಸಾಕ್ಷನ್ ಐಡಿ ಇದು. ಕನ್‌ಫರ್ಮೇಷನ್ ಪೂರ್ತಿಯಾಗಿದೆ. ಜಮೆ ಆಗಿಲ್ಲ. ಜಮೆ ಮಾಡಿ, ಅಥವಾ ಯಾಕೆ ಮಾಡಲಾಗದು ಎಂದು ಷರತ್ತಿನ ಸಂಖ್ಯೆ ಸಹಿತ ತಿಳಿಸಿ. ಏಳು ದಿನದಲ್ಲಿ ಉತ್ತರ ಬರದಿದ್ದರೆ ನಿಮ್ಮ ಲೈಸೆನ್ಸ್ ಕೊಟ್ಟವರಿಗೆ ಇದೇ ಪತ್ರ ಕಳಿಸುತ್ತೇನೆ."

ಬೈಗುಳ ಬೇಡ, ಕಷ್ಟದ ಕಥೆಯೂ ಬೇಡ. ಆ ಕಡೆ ಕೂತವರಿಗೆ ಐಡಿ ಬೇಕು. ಮೊದಲ ಸಾಲಲ್ಲೇ ಐಡಿ ಸಿಕ್ಕ ದೂರನ್ನು ನಾವು ಮೊದಲು ಎತ್ತಿಕೊಳ್ಳುತ್ತಿದ್ದೆವು, ಅದು ಬೇಗ ಮುಗಿಯುತ್ತದೆ ಎಂಬ ಕಾರಣಕ್ಕೆ.

ಏಳು ದಿನ ಕಳೆದರೆ ಸೈಟಿನ ಕೆಳಗೆ ಇರುವ ಲೈಸೆನ್ಸ್ ಮುದ್ರೆ ಒತ್ತಿ ನೋಡಿ. ಅದು ನಿಯಂತ್ರಕರ ಪುಟಕ್ಕೆ ಹೋಗಬೇಕು, ಅಲ್ಲಿ ಇದೇ ಸೈಟಿನ ವಿಳಾಸ ಇರಬೇಕು. ಬರೀ ಚಿತ್ರ ಆಗಿದ್ದರೆ ಲೈಸೆನ್ಸ್ ಇಲ್ಲ ಎಂದೇ ತಿಳಿಯಿರಿ. ಕ್ರಿಪ್ಟೋ ಕ್ಯಾಸಿನೊಗಳಲ್ಲಿ ಬಹಳಷ್ಟು ಕುರಾಸಾವ್ ದ್ವೀಪದ ಲೈಸೆನ್ಸ್ ಇಟ್ಟುಕೊಂಡಿರುತ್ತವೆ. ಅಲ್ಲಿ ಹಿಂದೆ ಕೆಲವೇ ಖಾಸಗಿ ಕಂಪನಿಗಳು ಮೂಲ ಲೈಸೆನ್ಸ್ ಹಿಡಿದು ಉಳಿದವರಿಗೆ ಉಪ-ಲೈಸೆನ್ಸ್ ಹಂಚುತ್ತಿದ್ದವು. 2024ರ ಡಿಸೆಂಬರ್ 24ರಂದು ಹೊಸ ಕಾನೂನು ಬಂತು. ಈಗ ಕುರಾಸಾವ್ ಗೇಮಿಂಗ್ ಅಥಾರಿಟಿಯೇ ನೇರ ಲೈಸೆನ್ಸ್ ಕೊಡುತ್ತದೆ. ಹಳೆಯ ಉಪ-ಲೈಸೆನ್ಸ್ ಸಂಖ್ಯೆಯನ್ನೇ ಇನ್ನೂ ತೋರಿಸುವ ಸೈಟ್ ಬಗ್ಗೆ ಅನುಮಾನ ಪಡಿ. ಮಾಲ್ಟಾ ಲೈಸೆನ್ಸ್ ಇದ್ದರೆ ನಿಮ್ಮ ಕೈ ಸ್ವಲ್ಪ ಗಟ್ಟಿ. ಅಲ್ಲಿನ ಕ್ಯಾಸಿನೊಗಳು ಹೊರಗಿನ ಮಧ್ಯಸ್ಥರೊಬ್ಬರನ್ನು ಹೆಸರಿಸಲೇಬೇಕು.

ಇದರ ಜೊತೆಗೆ ಕ್ಯಾಸಿನೊ ಗುರು, ಆಸ್ಕ್‌ಗ್ಯಾಂಬ್ಲರ್ಸ್ ಥರದ ಸೈಟುಗಳು ದೂರು ತೆಗೆದುಕೊಂಡು ಎರಡೂ ಕಡೆ ಮಾತಾಡಿಸುತ್ತವೆ. ಇವಕ್ಕೆ ಕಾನೂನಿನ ಬಲವಿಲ್ಲ. ಆದರೆ ಹೆಸರು ಕೆಡುತ್ತದೆ ಎಂಬ ಭಯಕ್ಕೆ ಕ್ಯಾಸಿನೊ ಉತ್ತರ ಕೊಡುತ್ತದೆ. ನಿಮ್ಮ ಗುರುತಿನ ದಾಖಲೆ, ಇಮೇಲ್ ಇವನ್ನು ಎಲ್ಲರಿಗೂ ಕಾಣುವ ಕಡೆ ಹಾಕಬೇಡಿ. ಮೊತ್ತ ದೊಡ್ಡದಿದ್ದರೆ ವಕೀಲರನ್ನು ಕಾಣಿ. ನಿಮ್ಮ ದೇಶದಲ್ಲಿ ಈ ಆಟವೇ ಕಾನೂನಿಗೆ ವಿರುದ್ಧವಾಗಿದ್ದರೆ ದೂರು ಕೊಡುವ ಮೊದಲೇ ಕಾಣಿ.

ಲಕ್ಷಣ: "ಮೊದಲು ಇಷ್ಟು ಕಟ್ಟಿ, ಆಮೇಲೆ ಬಿಡುತ್ತೇವೆ"

ತೆರಿಗೆ, ತಪಾಸಣೆ ಶುಲ್ಕ, 'ವಾಲೆಟ್ ಸಕ್ರಿಯ ಮಾಡಲು' ಠೇವಣಿ, ಹೀಗೆ ಹೆಸರು ಯಾವುದೇ ಇರಲಿ, ಇಲ್ಲಿಗೆ ಹುಡುಕಾಟ ನಿಲ್ಲಿಸಿ. ನಿಜವಾದ ಶುಲ್ಕ ಇದ್ದರೆ ನಿಮ್ಮ ಬ್ಯಾಲೆನ್ಸ್‌ನಿಂದಲೇ ಕಳೆಯಬಹುದಲ್ಲ? ಹೊರಗಿನಿಂದ ಹೊಸ ದುಡ್ಡು ಕೇಳುತ್ತಿದ್ದಾರೆ ಎಂದರೆ ಪರದೆಯ ಮೇಲಿನ ಬ್ಯಾಲೆನ್ಸ್ ಬರೀ ಅಂಕಿ. ಒಮ್ಮೆ ಕಟ್ಟಿದರೆ ಇನ್ನೊಂದು ಹೆಸರಲ್ಲಿ ಮತ್ತೆ ಕೇಳುತ್ತಾರೆ.

ದೂರು ಹಾಕಿದ ಮೇಲೆ ಇನ್ನೊಂದು ಗುಂಪು ಬರುತ್ತದೆ. "ಕಳೆದ ಕ್ರಿಪ್ಟೋ ವಾಪಸ್ ತರಿಸುತ್ತೇವೆ" ಎಂದು ಮೆಸೇಜ್ ಮಾಡುತ್ತಾರೆ. ಲಾಯರ್ ಎನ್ನುತ್ತಾರೆ, ಹ್ಯಾಕರ್ ಎನ್ನುತ್ತಾರೆ, ಸರ್ಕಾರಿ ಅಧಿಕಾರಿ ಎಂದೂ ಹೇಳುತ್ತಾರೆ. ಕನ್‌ಫರ್ಮ್ ಆದ ವ್ಯವಹಾರವನ್ನು ತಿರುಗಿಸುವ ಶಕ್ತಿ ಅವರಲ್ಲಿ ಯಾರಿಗೂ ಇಲ್ಲ. ಉತ್ತರ ಕೊಡದೆ ಬ್ಲಾಕ್ ಮಾಡಿ. ಅದಕ್ಕೂ ಮೊದಲು ಆ ಮೆಸೇಜ್‌ನ ಸ್ಕ್ರೀನ್‌ಶಾಟ್ ತೆಗೆದು ಪೊಲೀಸ್ ದೂರಿನ ಜೊತೆ ಸೇರಿಸಿ.